ಬುಡಕ್ಕೆ ಹಾಕಿದ ಮಣ್ಣು

ಯಲ್ಲಾಪುರದ ಕಡೆ ಹೋಗುವ ರಸ್ತೆಯ ಹನ್ನೆರಡು ಮಾವಿನ ಮರಗಳೂ ಸಾಯುತ್ತಿವೆ, ಬುಡದಲ್ಲಿ ಕಟ್ಟುವ ಗಾಡಿ ಎತ್ತುಗಳ ಗಂಜಲವೇ ಅದಕ್ಕೆ ಕಾರಣ ಎಂದು ವರದಿ ಬರೆದುಕೊಟ್ಟವನು ನಾನು. ಅಕ್ಷರ ದುಂಡಗಿತ್ತು. ಕೆಳಗೆ ರುಜು ಹಾಕಿ, ಒತ್ತುಕಾಗದ ಒತ್ತಿ, ಅಧ್ಯಕ್ಷರ ಮೇಜಿನ ಮೇಲಿಟ್ಟು, ಮನೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ. ಆ ವರದಿಯಲ್ಲಿ ಅಕ್ಷರ ಬಿಟ್ಟರೆ ಬೇರೆ ಯಾವುದೂ ಸರಿ ಇರಲಿಲ್ಲ ಎಂದು ಗೊತ್ತಾಗಲು ಮತ್ತೆ ಹದಿನೈದು ದಿನ ಹಿಡಿಯಿತು.

ಮೂವತ್ತರ ದಶಕದ ಮಾತು. ಸಿರ್ಸಿ ಪೇಟೆಯ ರಸ್ತೆ, ಗಟಾರ, ದೀಪದ ಕಂಬ, ಬೀದಿ ಮರ ಇವನ್ನೆಲ್ಲ ನೋಡಿಕೊಳ್ಳುವ ಪುರಸಭೆಯ ಕಾರಕೂನನಾಗಿ ನಾನು ಸೇರಿ ಮೂರು ವರ್ಷವಾಗಿತ್ತು. ಭೈರುಂಬೆ ಕಡೆಯ ತೋಟದ ಮನೆಯವನು. ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಗಿಡಮರದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಧಿಮಾಕು ಬೇಕಾದಷ್ಟಿತ್ತು. ಮಾತು ಮಾತಿಗೆ ಸಿಟ್ಟು ಬರುತ್ತಿದ್ದ ಕಾಲವದು. ಈಗಲೂ ಬರುತ್ತದೆ, ಆದರೆ ಕೇಳುವವರು ಕಡಿಮೆಯಾಗಿದ್ದಾರೆ.

ಆ ಹನ್ನೆರಡು ಮರಗಳ ನೆರಳೇ ಊರಿನ ಗಾಡಿ ಅಡ್ಡೆ. ಅಡಿಕೆ ಹೇರಿಕೊಂಡು ಕುಮಟೆಗೆ ಘಟ್ಟ ಇಳಿಯುವ ಗಾಡಿಗಳು, ಯಲ್ಲಾಪುರದಿಂದ ಮರದ ನಾಟಾ ತರುವ ಗಾಡಿಗಳು ಎಲ್ಲವೂ ಅಲ್ಲೇ ನೊಗ ಇಳಿಸುತ್ತಿದ್ದವು. ಅಡ್ಡೆಗೆ ಹಿರಿಯರೆಂದರೆ ಒಬ್ಬ ಮುಸಲ್ಮಾನ ಮುದುಕರು, ಎಲ್ಲರಿಗೂ ಸಾಹೇಬರು. ಅವರದೇ ಆರು ಗಾಡಿಗಳಿದ್ದವು, ಉಳಿದ ಗಾಡಿಯವರೂ ಅವರ ಮಾತಿಗೆ ತಲೆಬಾಗುತ್ತಿದ್ದರು. ಪೇಟೆಯ ಕಡೆಯಿಂದ ನಾಲ್ಕನೆಯ ಮರ ಅವರದು. ಅವರದು ಎಂದು ಎಲ್ಲೂ ಬರೆದಿರಲಿಲ್ಲ, ಆದರೆ ಅದರ ಕೆಳಗೆ ಬೇರೆ ಯಾರೂ ಕೂರುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ರಸ್ತೆ ಅಳೆಯುತ್ತ ಅಳೆಯುತ್ತ ಬಿಸಿಲಿಗೆ ಕಣ್ಣು ಕತ್ತಲಿಟ್ಟು ಆ ನಾಲ್ಕನೆಯ ಮರದ ಕೆಳಗೆ ಕುಸಿದು ಕೂತಿದ್ದೆ. ಸಾಹೇಬರು ಗಾಡಿಯಿಂದ ಎಳನೀರೊಂದನ್ನು ತಂದು, ನನ್ನ ಕಣ್ಣೆದುರಿಗೇ ಕೊಚ್ಚಿ, ನನ್ನನ್ನು ಮುಟ್ಟದ ಹಾಗೆ ನೆಲದ ಮೇಲಿಟ್ಟು ಹಿಂದೆ ಸರಿದರು. ತಮ್ಮ ಪಾತ್ರೆಯ ನೀರು ಕೊಟ್ಟಿದ್ದರೆ ಬ್ರಾಹ್ಮಣನಾದ ನಾನು ಕುಡಿಯುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿತ್ತು ಎಂಬುದು ನನಗೂ ಗೊತ್ತಾಗಿ ನಾಚಿಕೆಯಾಯಿತು. ಆದರೂ ಎಳನೀರು ಕುಡಿದೆ.

ಮರಗಳ ತುದಿ ಒಣಗತೊಡಗಿದ್ದು ಎರಡನೆಯ ವರ್ಷ. ಮೊದಲು ನೆತ್ತಿಯ ಎಲೆ ಸಣ್ಣದಾಯಿತು, ಆಮೇಲೆ ಹಳದಿಯಾಯಿತು, ಆಮೇಲೆ ಕಡ್ಡಿ ಉಳಿಯಿತು. ಊರಿಗೆ ಊರೇ ವೈದ್ಯರಾದರು. ಕ್ಷೌರದವನು ಬಂದಳಿಕೆ ಹಿಡಿದಿದೆ ಎಂದ. ನಾನು ಆಳು ಹತ್ತಿಸಿ ಇದ್ದ ಬಂದಳಿಕೆಯನ್ನೆಲ್ಲ ಕಡಿಸಿದೆ, ಗುಣ ಕಾಣಲಿಲ್ಲ. ಔಷಧಿ ಅಂಗಡಿಯವರು ಸರ್ವಿಸ್ ಮೋಟಾರಿನ ಹೊಗೆ ಎಂದರು. ಮೋಟಾರು ದಿನಕ್ಕೊಂದು ಬರುತ್ತಿತ್ತು, ಅದೂ ಬಂದರೆ ಬಂತು. ಕಾಂಡಕ್ಕೆ ಹುಳ ಬಿದ್ದಿದೆಯೇ ಎಂದು ತೂತು ಹುಡುಕಿದೆ, ಹುಡಿ ಉದುರಿದೆಯೇ ಎಂದು ಬುಡ ನೋಡಿದೆ. ಏನೂ ಸಿಗಲಿಲ್ಲ. ಕೊನೆಗೆ ತೋಟದ ಬುದ್ಧಿ ಓಡಿತು. ಹಸಿ ಗಂಜಲ ಬುಡಕ್ಕೆ ಬಿದ್ದರೆ ಅಡಿಕೆ ಸಸಿ ಸುಟ್ಟುಹೋಗುವುದನ್ನು ಕಂಡವನು ನಾನು. ಇಲ್ಲಿ ದಿನಕ್ಕೆ ಐವತ್ತು ಎತ್ತು ನಿಲ್ಲುತ್ತವೆ. ಮತ್ತೇನು ಬೇಕು? ವರದಿ ಬರೆದೆ.

ಅಧ್ಯಕ್ಷರು ಊರಿನ ವಕೀಲರು, ತಡಮಾಡುವವರಲ್ಲ. ವಾರದೊಳಗೆ ನೋಟೀಸು ಹೊರಟಿತು. ಮಳೆಗಾಲದ ಮೊದಲು ಮರಗಳನ್ನು ಕಡಿಯುವುದು, ಅಡ್ಡೆಯನ್ನು ಹಳ್ಳದಾಚೆಯ ಬಯಲಿಗೆ ಸಾಗಿಸುವುದು. ಆ ಬಯಲಲ್ಲಿ ನೆರಳೂ ಇಲ್ಲ, ಬಾವಿಯೂ ಇಲ್ಲ. ಮಳೆಗಾಲದಲ್ಲಿ ಹಳ್ಳ ಏರಿದರೆ ಪೇಟೆಗೆ ಬರಲು ದಾರಿಯೂ ಇಲ್ಲ. ಆ ವರ್ಷವೇ ಪೇಟೆಯಲ್ಲಿ ಮೊದಲ ಲಾರಿ ಓಡಾಡತೊಡಗಿತ್ತು. ಅಡ್ಡೆ ಅಷ್ಟು ದೂರ ಹೋದರೆ ಯಾವ ವ್ಯಾಪಾರಿಯೂ ಗಾಡಿ ಕರೆಯಲು ಹಳ್ಳ ದಾಟುವುದಿಲ್ಲ ಎಂಬುದು ಚಿಕ್ಕ ಮಕ್ಕಳಿಗೂ ಹೊಳೆಯುವಂಥದ್ದು. ನನಗೆ ಹೊಳೆದಿರಲಿಲ್ಲ, ಹೊಳೆದಿದ್ದರೂ ಅದು ನನ್ನ ಕೆಲಸವಲ್ಲ ಎನ್ನುತ್ತಿದ್ದೆನೋ ಏನೋ.

ನೋಟೀಸು ಹಚ್ಚಿದ ಮರುದಿನ ಸಾಹೇಬರು ಕಚೇರಿಯ ಜಗಲಿಗೆ ಬಂದರು. ಗೋಗರೆಯುತ್ತಾರೆ ಎಂದುಕೊಂಡಿದ್ದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು ನಿಂತೇ ಮಾತಾಡಿದರು.

"ನಮ್ಮ ಎತ್ತು ಮರ ಕೊಂದ್ವು ಅಂತ ಬರ್ದೀರಂತೆ ಕಾರಕೂನ್ರೇ."

"ಹೌದು, ಬರ್ದಿದ್ದೇನೆ."

"ನನ್ನಪ್ಪನ ಕಾಲದಿಂದ ಅಲ್ಲೇ ಎತ್ತು ಕಟ್ತಾ ಬಂದೀವಿ. ಅವಾಗ ಸಾಯದೇ ಇದ್ದ ಮರ ಈಗ್ಯಾಕೆ ಸಾಯ್ತದೆ?"

"ಅದನ್ನ ನಿಮ್ಮ ಹತ್ರ ಕಲೀಬೇಕಾ ನಾನು? ನಾನು ತೋಟದ ಮನೆಯವ."

"ಕಲೀಬೇಡಿ. ಹನ್ನೆರಡು ಮರ ಅಂತ ಬರ್ದೀರಿ. ಹನ್ನೆರಡನ್ನೂ ನೋಡಿ ಬರ್ದಿದ್ದಾ? ಅಷ್ಟು ಹೇಳಿ, ಹೋಗ್ತೀನಿ."

ನಾನು ಒಂಬತ್ತನೆಯ ಮರದವರೆಗೆ ಹೋಗಿದ್ದೆ. ಆಮೇಲೆ ಬಿಸಿಲೇರಿತ್ತು, ಹೊಟ್ಟೆ ಹಸಿದಿತ್ತು. ಸಿಟ್ಟು ನೆತ್ತಿಗೇರಿತು. ಹನ್ನೆರಡನ್ನೂ ನೋಡಿ, ಪ್ರತಿಯೊಂದರ ರೋಗವನ್ನೂ ಬರೆದು ತಂದು ಈ ಮುದುಕನ ಮುಂದೆ ಹಿಡಿಯದಿದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ ಎಂದು ಅಂದುಕೊಂಡೆ. ಒಳ್ಳೆಯ ಕೆಲಸಕ್ಕೆ ಹೊರಟದ್ದು ಒಳ್ಳೆಯ ಬುದ್ಧಿಯಿಂದಲ್ಲ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಮರುದಿನ ಬೆಳಗ್ಗೆ ಏಣಿ, ಚೂರಿ, ಕಾಗದ ಹಿಡಿದು ಹೊರಟೆ. ಒಂದೊಂದು ಮರದಲ್ಲೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಕಡ್ಡಿ ಕೆರೆದು ನೋಡಿದೆ. ಸಿಪ್ಪೆಯಡಿ ಹಸಿರಿದ್ದರೆ ಜೀವವಿದೆ, ಕಂದು ಇದ್ದರೆ ಇಲ್ಲ. ಹನ್ನೊಂದು ಮರಗಳದೂ ಒಂದೇ ಕತೆ, ಸಾವು ನೆತ್ತಿಯಿಂದ ಕೆಳಗಿಳಿಯುತ್ತಿತ್ತು. ಕೆಲವದರ ಬುಡದಲ್ಲಿ ಕಳೆದ ಮಳೆಗಾಲದ ಅಣಬೆಯ ಒಣ ತುಂಡುಗಳು ಅಂಟಿಕೊಂಡಿದ್ದವು. ಹನ್ನೆರಡನೆಯ ಮರದ ಹತ್ತಿರ ಬಂದರೆ ಚೂರಿಯೇ ಬೇಕಾಗಲಿಲ್ಲ. ನೆತ್ತಿಯವರೆಗೆ ದಟ್ಟ ಹಸಿರು, ಗೊಂಚಲು ಗೊಂಚಲು ಮಿಡಿ.

ಆ ಮರದ ಕೆಳಗೆ ಎತ್ತಿಗೆ ಲಾಳ ಹೊಡೆಯುವವನ ಜಾಗ. ಹಾವೇರಿ ಕಡೆಯಿಂದ ಬಂದು ನಿಂತವನು. ಹಗ್ಗ ಹಾಕಿ ಎತ್ತನ್ನು ಕೆಡವಿ, ನಾಲ್ಕೂ ಕಾಲು ಕಟ್ಟಿ ಲಾಳ ಬಡಿಯುತ್ತಿದ್ದ. ಹೆದರಿದ ಎತ್ತುಗಳು ಅಲ್ಲಿ ಬಿಡುವ ಗಂಜಲ, ಸಗಣಿ ಅಡ್ಡೆಯ ಬೇರೆಲ್ಲೂ ಇರಲಿಲ್ಲ. ಮೂಗು ಮುಚ್ಚಿಕೊಂಡೇ ನಿಂತೆ.

"ಬರ್ರಿ ಕಾರಕೂನರ, ಕುಂದರ್ರಿ," ಎಂದ.

"ದಿನಕ್ಕೆ ಎಷ್ಟು ಎತ್ತು ಬರ್ತವೆ ಇಲ್ಲಿ?"

"ಸಂತಿ ದಿನ ಎಣಸಾಕ ಆಗೂದಿಲ್ರಿ."

"ಮತ್ತೆ ಈ ಮರ ಮಾತ್ರ ಹ್ಯಾಗೆ ಹಸಿರಾಗಿದೆ?"

ಅವನು ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದ. ಬೈಸಿಕೊಳ್ಳುವ ಹೊತ್ತು ಬಂತು ಎಂದುಕೊಂಡಂತಿತ್ತು. "ಮರದ್ದು ನನಗೇನ ಗೊತ್ರಿ? ನಂದೊಂದ ತಪ್ಪಾಗೇತಿ, ಹೇಳಿಬಿಡ್ತೀನಿ. ಎರಡ ವರ್ಷದ ಹಿಂದ ನಿಮ್ಮ ಆಳುಗೋಳು ಬುಡಕ್ಕ ಮಣ್ಣಿನ ಗುಡ್ಡಿ ಹಾಕಿ ಹೋಗಿದ್ರು. ಎತ್ತು ಕೆಡವಾಕ ಸಪಾಟ ನೆಲ ಬೇಕ್ರಿ. ಅವತ್ತ ಸಂಜೀಕನ ಎಲ್ಲಾ ಕೆರದು ರಸ್ತೇಕ ಚೆಲ್ಲಿದೆ. ಬೈಬ್ಯಾಡ್ರಿ ಮತ್ತ."

ಬೈಯಲಿಲ್ಲ. ಆ ಮಣ್ಣು ಹಾಕಿಸಿದವನು ನಾನು.

ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಅಡಿಕೆ ಮರದ ಹೊಸ ಬೇರು ಬುಡದ ಮೇಲುಭಾಗದಿಂದ ಒಡೆಯುತ್ತದೆ. ಮಳೆಗೆ ಮಣ್ಣು ಕೊಚ್ಚಿಹೋಗಿ ಬೇರು ಬರಿದಾದರೆ ಮರ ಸೊರಗುತ್ತದೆ. ಅದಕ್ಕೇ ನಾವು ಕೆಲವು ವರ್ಷಕ್ಕೊಮ್ಮೆ ಗುಡ್ಡದ ಹೊಸ ಮಣ್ಣು ಹೊತ್ತು ತಂದು ಬುಡಕ್ಕೆ ಕೊಡುತ್ತೇವೆ, ಮೇಲೆ ಸೊಪ್ಪು ಹೊದಿಸುತ್ತೇವೆ. ಬುಡಕ್ಕೆ ಮಣ್ಣು ಕೊಟ್ಟವನೇ ನಮ್ಮಲ್ಲಿ ಒಳ್ಳೆಯ ಕೃಷಿಕ, ಕೊಡದವನು ಸೋಮಾರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಮಾವಿನ ಮರಗಳ ಬೇರು ರಸ್ತೆಯ ಮೇಲೆ ಬರಿದಾಗಿ ಹರಡಿದ್ದನ್ನು ಕಂಡು ನನಗೆ ಅಯ್ಯೋ ಅನ್ನಿಸಿತ್ತು. ಗಟಾರ ಬಳಿದ ಮಣ್ಣು ಹೇಗೂ ಇತ್ತು. ಹನ್ನೆರಡೂ ಮರಗಳಿಗೆ ಮೊಣಕಾಲೆತ್ತರ ಕೊಡಿಸಿ, ಸುತ್ತ ಕಲ್ಲಿಟ್ಟು ಸುಣ್ಣ ಬಳಿಸಿದ್ದೆ. ಅಧ್ಯಕ್ಷರು ನೋಡಿ ಬೆನ್ನು ತಟ್ಟಿದ್ದರು. ಸಾಹೇಬರ ಮರಕ್ಕೆ ಮಾತ್ರ ಆಳುಗಳು ಹೋದಮೇಲೆ ನಾನೇ ಇನ್ನೆರಡು ಬುಟ್ಟಿ ಹೆಚ್ಚು ಸುರಿದಿದ್ದೆ. ಎಳನೀರಿನ ಋಣ ಎಂದುಕೊಂಡು, ಪ್ರೀತಿಯಿಂದ ಸುರಿದಿದ್ದೆ.

ಆದರೂ ಒಪ್ಪಿಕೊಳ್ಳಲು ಮನಸ್ಸು ತಯಾರಿರಲಿಲ್ಲ. ಒಂದು ಮರ ಹಸಿರಾಗಿರಲು ನೂರು ಕಾರಣ ಇರಬಹುದು ಎಂದು ನಾಲ್ಕು ದಿನ ವಾದ ಮಾಡಿಕೊಂಡೆ. ಐದನೆಯ ದಿನ ನೆಂಟರ ಮನೆಯ ಉಪನಯನಕ್ಕೆ ಸಿದ್ದಾಪುರಕ್ಕೆ ಹೋಗಬೇಕಾಯಿತು. ಊಟ ಮುಗಿಸಿ ಮೋಟಾರು ಕಾಯುತ್ತ ನಿಂತಿದ್ದಾಗ ಅಲ್ಲಿಯ ರಸ್ತೆ ಬದಿಯ ಮಾವಿನ ಮರಗಳನ್ನು ನೋಡಿದೆ. ನಮ್ಮ ಮರಗಳಿಗಿಂತ ಹಳೆಯವು, ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಒಂದೊಂದೂ ಕೊಡೆಯ ಹಾಗೆ ತುಂಬಿಕೊಂಡಿದ್ದವು. ಅವುಗಳ ಕಾಂಡ ನೆಲದ ಹತ್ತಿರ ಬರುತ್ತ ಅಗಲವಾಗಿ ಬೇರುಗಳಾಗಿ ಹರಡಿತ್ತು. ಆ ಬೇರುಗಳ ಮೇಲೆ ಕೂತು ಇಬ್ಬರು ಎಲೆ ಅಡಿಕೆಯ ಕವಳ ಹಾಕುತ್ತಿದ್ದರು. ನಮ್ಮೂರ ಮರಗಳು ಕಣ್ಣ ಮುಂದೆ ಬಂದವು. ಅವು ಕಂಬ ಹುಗಿದ ಹಾಗೆ ನೆಟ್ಟಗೆ ಮಣ್ಣಿಗಿಳಿಯುತ್ತಿದ್ದವು. ಮರಕ್ಕೆ ಪಾದವೇ ಕಾಣುತ್ತಿರಲಿಲ್ಲ. ಮೋಟಾರು ಬಂದು ಹಾರ್ನ್ ಬಾರಿಸಿದ ಮೇಲೂ ನಾನು ನಿಂತೇ ಇದ್ದೆನಂತೆ.

ಮನೆಗೆ ಬಂದು ತಾಯಿಗೆ, ನಮ್ಮ ಮಾತಿನಲ್ಲಿ ಆಯಿಗೆ, ಹೇಳಿದೆ. ಅವಳು ಜಗಲಿಯಲ್ಲಿ ಕೂತು ಉಪ್ಪಿನಕಾಯಿಗೆ ಮಿಡಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

"ಮಾವಿನ ಮರ ಎಂತ ಅಡಿಕೆ ಮರನನೋ ತಮಾ?"

"ಎಂಗೆ ಗೊತ್ತಾಜಿಲ್ಲೆ ಆಯೀ. ಈಗ ಎಂತ ಮಾಡವು?"

"ಎನ್ನ ಎಂತಕ್ಕೆ ಕೇಳ್ತೆ? ಮಣ್ಣು ಹಾಕ್ದವನೇ ತೆಗೆಯವು. ಮೊದ್ಲು ಆ ಸಾಹೇಬಂಗೆ ಹೋಗಿ ಹೇಳು."

ತೆಗೆಯಬೇಕು ಎಂದಳಲ್ಲ, ಮರುದಿನ ಬೆಳಗ್ಗೆ ಪೇಟೆ ತೆರೆಯುವ ಮೊದಲೇ ಗುದ್ದಲಿ ಹಿಡಿದು ನಾಲ್ಕನೆಯ ಮರದ ಹತ್ತಿರ ಹೋದೆ. ಸಾಹೇಬರು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ನಾನು ಸುತ್ತಿನ ಕಲ್ಲು ಕಿತ್ತು ಅಗೆಯತೊಡಗಿದ್ದನ್ನು ನೋಡಿ ಹತ್ತಿರ ಬಂದು ನಿಂತರು. ಒಂದು ಮೊಳ ಇಳಿದಮೇಲೆ ಗುದ್ದಲಿ ಬಿಟ್ಟು ಕೈಯಲ್ಲೇ ಬಗೆದೆ. ಹುಳಿ ನಾತ ಬಡಿಯಿತು. ಮಣ್ಣಿನಡಿಯ ತೊಗಟೆ ಕಪ್ಪಾಗಿ ಮೆತ್ತಗಾಗಿತ್ತು, ಬೆರಳಿಟ್ಟರೆ ನೆನೆದ ಅವಲಕ್ಕಿಯಷ್ಟು ಸುಲಭವಾಗಿ ಬಿಟ್ಟುಕೊಂಡು ಬಂತು. ಒಂದು ಬದಿ ನೋಡಿದೆ, ಇನ್ನೊಂದು ಬದಿ ನೋಡಿದೆ. ಸುತ್ತಲೂ ಹಾಗೇ ಇತ್ತು, ಜೀವದ ತೊಗಟೆ ಒಂದು ಬೆರಳಗಲವೂ ಉಳಿದಿರಲಿಲ್ಲ.

"ಸಾಹೇಬ್ರೇ," ಎಂದೆ, "ನಿಮ್ಮ ಎತ್ತಿನದ್ದು ಏನೂ ತಪ್ಪಿಲ್ಲ. ಈ ಮಣ್ಣು ನಾನು ಹಾಕಿಸಿದ್ದು. ಮರ ಉಸಿರು ಕಟ್ಟಿ ಕೊಳೀತಾ ಇದೆ. ನಂದೇ ಗಲತಿ."

ಅವರು ಬಗ್ಗಿ ಆ ತೊಗಟೆಯನ್ನು ಬೆರಳಲ್ಲಿ ಒತ್ತಿ ನೋಡಿದರು. "ಈ ಮರ ಉಳೀತದಾ?" ಎಂದು ಕೇಳಿದರು.

"ನೋಡೋಣ," ಎಂದೆ. ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬೇರೆ ಎರಡು ಮರಗಳನ್ನು ಬಗೆದು ನೋಡಿದೆ. ಕೊಳೆ ಅಲ್ಲೂ ಇತ್ತು, ಆದರೆ ಸುತ್ತು ತುಂಬಿರಲಿಲ್ಲ. ಒಂದೊಂದು ಬದಿಯಲ್ಲಿ ಕೆರೆದರೆ ಹಸಿ ತೊಗಟೆ ಸಿಕ್ಕಿತು. ಅಷ್ಟು ಸಾಕಾಯಿತು. ಅದೇ ಮಣ್ಣಿನ ಕೈಯಲ್ಲಿ ಕಚೇರಿಗೆ ಹೋಗಿ ಅಧ್ಯಕ್ಷರ ಮುಂದೆ ನಿಂತು, ವರದಿ ತಪ್ಪು, ಬೇರೆ ಬರೆದುಕೊಡುತ್ತೇನೆ ಎಂದೆ.

"ನಿಂಗೆ ತಲೆ ಸರಿ ಇದ್ಯೇನೋ ಮಾರಾಯಾ?" ಎಂದರು ವಕೀಲರು. ಕೊಳೆತ ತೊಗಟೆ ತೋರಿಸಿದೆ, ಲಾಳದವನ ಮರದ ಮಾತು ಹೇಳಿದೆ. ಅವರು ದಡ್ಡರಲ್ಲ. ಕನ್ನಡಕ ತೆಗೆದು ಒರೆಸಿ ಅಂದರು, "ಸರಿ. 'ಬುಡದಲ್ಲಿ ಮಣ್ಣು ಶೇಖರವಾಗಿ' ಅಂತ ಬರಿ. ಯಾರು ಹಾಕಿದ್ದು ಅಂತ ಯಾಕೆ ಬೇಕು? ನಿಂಗೂ ತೊಂದ್ರೆ ಇಲ್ಲ, ನಂಗೂ ಇಲ್ಲ."

ನನಗೂ ಒಂದು ಗಳಿಗೆ ಆಸೆಯಾಯಿತು. ಆದರೆ ಮಣ್ಣು ತಾನಾಗಿ ಶೇಖರವಾಯಿತು ಎಂದರೆ ನಾಳೆ ಯಾರಾದರೂ ಗಾಡಿಯ ಗಾಲಿ ಎಬ್ಬಿಸಿದ ಮಣ್ಣು ಎನ್ನುತ್ತಾರೆ. ಮತ್ತೆ ಅಡ್ಡೆಯ ಮೇಲೇ ಬರುತ್ತದೆ. ಕರ್ತರಿ ಪ್ರಯೋಗದಲ್ಲೇ ಬರೆದೆ. ಮಣ್ಣನ್ನು ಈ ಕೆಳಗೆ ರುಜು ಹಾಕಿದ ಕಾರಕೂನನೇ ಹಾಕಿಸಿದ್ದು, ಗಾಡಿಯವರ ಜಾನುವಾರುಗಳಿಂದ ಮರಗಳಿಗೆ ಯಾವ ಹಾನಿಯೂ ಆಗಿಲ್ಲ, ಮೊದಲಿನ ವರದಿ ಎಲ್ಲ ಮರ ನೋಡದೆ ಬರೆದದ್ದು. ಅಧ್ಯಕ್ಷರು ಓದಿ, ನನ್ನ ನೌಕರಿಯ ಕಾಗದದಲ್ಲಿ 'ಅವಿವೇಕಿ' ಎಂದು ಷರಾ ಬರೆದರು. ನೋಟೀಸನ್ನು ರದ್ದು ಮಾಡಲಿಲ್ಲ, ಮುಂದೂಡಿದರು. ದೀಪಾವಳಿ ಕಳೆದು ಮರಗಳು ಚಿಗುರಿದರೆ ಅಡ್ಡೆ ಇರಲಿ, ಚಿಗುರದಿದ್ದರೆ ಮರವೂ ಬೇಡ, ಅಡ್ಡೆಯೂ ಬೇಡ ಎಂದರು.

ಹನ್ನೊಂದು ಬುಡ ಬಿಡಿಸಲು ಎಂಟು ದಿನ ಹಿಡಿಯಿತು. ಕಚೇರಿಯ ಆಳುಗಳನ್ನು ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಮೊದಲ ದಿನ ನಾನೊಬ್ಬನೇ ಅಗೆದೆ. ಎರಡನೆಯ ದಿನ ಸಾಹೇಬರು ಎರಡು ಗಾಡಿ ಹೂಡಿಸಿ, "ಮಣ್ಣು ರಸ್ತೇಲಿ ಬಿಟ್ರೆ ಮತ್ತೆ ನಮ್ಮ ಮೇಲೇ ಬರೀತೀರಿ," ಎಂದು ಸಾಗಿಸತೊಡಗಿದರು. ಮೂರನೆಯ ದಿನದಿಂದ ಗಾಡಿಯವರೆಲ್ಲ ಕೈ ಹಾಕಿದರು. ಅವರ ನಗೆಚಾಟಿಕೆಗೆ ನಾನು ಗುರಿಯಾದೆ. ಹೊಸ ಕಾರಕೂನ ಬಂದರೆ ಮೊದಲು ಕೈ ಕಟ್ಟಬೇಕು ಎನ್ನುತ್ತಿದ್ದರು. ನನ್ನ ಸಿಟ್ಟು ಎಲ್ಲಿ ಹೋಗಿತ್ತೋ, ನಗು ಬರುತ್ತಿತ್ತು. ಕೊಳೆತದ್ದನ್ನು ಹಸಿರು ಸಿಗುವವರೆಗೆ ಚೂರಿಯಿಂದ ಕೆತ್ತಿ, ಅಡಿಕೆಯ ಕೊಳೆಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣವನ್ನು ಮಂದವಾಗಿ ಕಲಸಿ ಬಳಿದೆ. ತೋಟದ ವಿದ್ಯೆಯಲ್ಲಿ ಅಷ್ಟಾದರೂ ಉಪಯೋಗಕ್ಕೆ ಬಂತು. ಸಾಹೇಬರ ಮರಕ್ಕೂ ಬಳಿದೆ, ಎಲ್ಲದಕ್ಕಿಂತ ಹೆಚ್ಚು ಹೊತ್ತು ಬಳಿದೆ.

ಆ ಮಳೆಗಾಲದಲ್ಲಿ ನಾನು ದಿನಾ ಎರಡು ಹೊತ್ತು ಆ ರಸ್ತೆಯಲ್ಲಿ ನಡೆದೆ. ಕೊಡೆ ಹಿಡಿದು, ಬುಡಕ್ಕೆ ಹರಿದು ಬಂದ ಮಣ್ಣನ್ನು ಕಾಲಿನಿಂದ ತಳ್ಳಿ, ನೀರು ನಿಲ್ಲದ ಹಾಗೆ ಕಾಲುವೆ ಬಿಡಿಸಿ ಹೋಗುತ್ತಿದ್ದೆ. ದೀಪಾವಳಿ ಬಂತು, ಹೋಯಿತು. ಮರಗಳು ಹಾಗೇ ನಿಂತಿದ್ದವು. ಅಧ್ಯಕ್ಷರು ಎರಡು ಸಲ ಕರೆದು ಕೇಳಿದರು, ಎರಡು ಸಲವೂ ಇನ್ನೊಂದು ವಾರ ಎಂದೆ. ಮೂರನೆಯ ಸಲ ಅವರೇ ಟಾಂಗಾ ಹತ್ತಿ ಹೊರಟರು, ನಾನು ಹಿಂದೆ ಓಡಿದೆ. ಒಂದನೆಯ ಮರದ ಕೆಳಗೆ ಟಾಂಗಾ ನಿಂತಿತು. ಕೆಳಗಿನ ಕೊಂಬೆಯ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು, ಬೆರಳುದ್ದ. ಆರನೆಯದರಲ್ಲಿ ಇನ್ನೂ ಹೆಚ್ಚು. ಎಣಿಸುತ್ತ ಹೋದೆವು. ಹನ್ನೊಂದರಲ್ಲಿ ಎಂಟು ಚಿಗುರಿದ್ದವು. ಅಧ್ಯಕ್ಷರು ವಾಪಸು ಹೋಗಿ ನೋಟೀಸು ರದ್ದು ಮಾಡಿದರು. ಅಡ್ಡೆ ಉಳಿಯಿತು. ನನ್ನ ಷರಾ ಕೂಡ ಉಳಿಯಿತು.

ನಾಲ್ಕನೆಯ ಮರ ಚಿಗುರಲಿಲ್ಲ.

ಅದನ್ನು ಕಡಿಸುವ ದಿನ ಸಾಹೇಬರಿಗೆ ಹೇಳಲು ಹೋದೆ. ಕೊಡಲಿಯವರು ಆಗಲೇ ಬಂದು ನಿಂತಿದ್ದರು. ಸಾಹೇಬರೇ ಮೊದಲು ಮಾತಾಡಿದರು.

"ನನಗೆ ಅವತ್ತೇ ಗೊತ್ತಿತ್ತು ಕಾರಕೂನ್ರೇ. ಎತ್ತಿನ ಕಾಲು ನೋಡಿ ಮುದುಕ ಆದವ ನಾನು. ಯಾವ ಕೊಳೆ ವಾಸಿ ಆಗ್ತದೆ, ಯಾವುದು ಆಗಲ್ಲ ಅಂತ ಮುಟ್ಟಿದ್ರೆ ಗೊತ್ತಾಗ್ತದೆ. ನೀವು ಅಷ್ಟು ದಿನ ಬಳೀತಿದ್ರಿ, ಹ್ಯಾಗೆ ಹೇಳೋದು?"

"ಈ ಮರಕ್ಕೆ ನಾನು ಎರಡು ಬುಟ್ಟಿ ಹೆಚ್ಚು ಹಾಕಿದ್ದೆ," ಎಂದೆ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ವರದಿಯಲ್ಲೂ ಬರೆದಿರಲಿಲ್ಲ. "ನೀವು ಎಳನೀರು ಕೊಟ್ಟಿದ್ದಕ್ಕೆ."

ಅವರು ಎತ್ತುಗಳನ್ನು ಬಿಚ್ಚಿ ದೂರ ಕಟ್ಟಿದರು, ಕೊಡಲಿಯವರು ಕೆಲಸ ಸುರುಮಾಡಿದರು.

ಮುಂದಿನ ಮಳೆ ಹಿಡಿದಾಗ ಆಯಿ ಮನೆಯ ಮಿಡಿ ಮರದ ಸಸಿಯೊಂದನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟಳು. ನಾಲ್ಕನೆಯ ಜಾಗದಲ್ಲೇ ಗುಂಡಿ ತೆಗೆದೆವು. ಸಾಹೇಬರು ಸಸಿಯನ್ನು ನೆಟ್ಟಗೆ ಹಿಡಿದುಕೊಂಡರು, ನಾನು ಮಂಡಿಯೂರಿ ಕೂತು ಮಣ್ಣು ಎಳೆದೆ. ಗುಂಡಿ ತುಂಬಿತು, ನೆಲಕ್ಕೆ ಸಮವಾಯಿತು. ನನ್ನ ಕೈ ನಿಲ್ಲಲಿಲ್ಲ. ಅಪ್ಪ, ಅಜ್ಜ ಎಲ್ಲರ ಕೈ ಅದು, ಇನ್ನೊಂದು ಬೊಗಸೆ ಎತ್ತಿ ಬುಡಕ್ಕೆ ಹಿಡಿದಿತ್ತು. ಸಾಹೇಬರು ಸಸಿ ಬಿಟ್ಟು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಸಾಕು ಕಾರಕೂನ್ರೇ," ಎಂದರು, "ಅಷ್ಟು ಸಾಕು."

ನನಗೆ ಅಳು ಬಂತು. ಅವರು ಕೈ ಬಿಡುವವರೆಗೆ ಹಾಗೇ ಕೂತಿದ್ದು, ಆಮೇಲೆ ಬೊಗಸೆಯ ಮಣ್ಣನ್ನು ರಸ್ತೆಗೆ ಚೆಲ್ಲಿದೆ.